ಮೀನಿಗೆ ಕಟ್ಟಿದ ಕಡುಬು

ಒಮಾನಿನ ಅಲ್ ಅಜೈಬಾದ ನಮ್ಮ ಮನೆಯಿಂದ ಕಡಲ ದಂಡೆಗೆ ನಡೆದೇ ಹೋಗಬಹುದು. ಅಮ್ಮ ನಮ್ಮೊಂದಿಗೆ ಇರಲು ಬಂದು ಎರಡು ವರ್ಷವಾದರೂ ಆ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಮೀನನ್ನೂ ಮುಟ್ಟುತ್ತಿರಲಿಲ್ಲ. ಗಂಗೊಳ್ಳಿಯ ಮೀನುಗಾರರ ಮನೆಯ ಹೆಂಗಸು ಮೀನು ಬಿಟ್ಟಳೆಂದರೆ ಏನೋ ಹರಕೆ ಇರಬೇಕೆಂದು ನೆಂಟರು ತಿಳಿದಿದ್ದರು. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪಯ್ಯ ದೋಣಿ ಮಗುಚಿ ಸಮುದ್ರದ ಪಾಲಾದರು. ದೇಹ ಸಿಗಲಿಲ್ಲ. ಅಂದಿನಿಂದ ಅಮ್ಮ ಮೀನು ತಿಂದಿಲ್ಲ. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಕಡಲನ್ನು ಇಷ್ಟು ಹತ್ತಿರ ಇಟ್ಟುಕೊಂಡು ಅವಳು ಅದಕ್ಕೆ ಬೆನ್ನು ಹಾಕಿ ಕೂರುವುದು ನನಗೆ ಸಂಕಟವಾಗುತ್ತಿತ್ತು.

ಎದುರು ಫ್ಲ್ಯಾಟಿನಲ್ಲಿ ನನ್ನದೇ ಪ್ರಾಯದ ಚೀನೀ ಹೆಂಗಸೊಬ್ಬಳಿದ್ದಾಳೆ. ಅವಳಿಗೂ ಅಮ್ಮನಿಗೂ ಗಳಸ್ಯ ಕಂಠಸ್ಯ. ಅಮ್ಮ ಕುಂದಾಪುರದ ಕನ್ನಡದಲ್ಲಿ ಹೇಳುತ್ತಾಳೆ, ಅವಳು ಚೀನೀ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರೂ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸುತ್ತಾರೆ. ನಡುವೆ ನಾನು ಬಾಯಿ ಹಾಕಿದರೆ ಅಮ್ಮನಿಗೆ ಸಿಟ್ಟು.

ಕಳೆದ ಜೂನಿನ ಒಂದು ಶುಕ್ರವಾರ ಬೆಳಿಗ್ಗೆ ಅವಳು ಒಂದು ಚೀಲ ಅಂಟು ಅಕ್ಕಿ, ಒಂದು ಕಟ್ಟು ಒಣ ಬಿದಿರೆಲೆ ತಂದಳು. ಅವರ ದೋಣಿ ಹಬ್ಬವಂತೆ, ಎಲೆಯಲ್ಲಿ ಅಕ್ಕಿ ಕಟ್ಟಿ ಬೇಯಿಸಬೇಕಂತೆ. ಎರಡನ್ನೂ ನೆನೆಹಾಕಿಡಿ, ಮಧ್ಯಾಹ್ನ ಬರುತ್ತೇನೆ ಎಂದು ಹೋದಳು.

ಮಧ್ಯಾಹ್ನ ಬಂದು ನೋಡುತ್ತಾಳೆ, ಅಕ್ಕಿ ಎಲ್ಲಿದೆ? ಅಮ್ಮ ಉದ್ದು ಸೇರಿಸಿ ಗ್ರೈಂಡರಿಗೆ ಹಾಕಿ ನುಣ್ಣಗೆ ರುಬ್ಬಿಟ್ಟಿದ್ದಳು.

"ಎಲಿ, ಅಕ್ಕಿ, ನೆನ್ಸೂದ್ ಅಂದ್ರೆ ಕೊಟ್ಟೆ ಕಡುಬಲ್ದೆ ಮತ್ತೆಂತ?" ಎಂದು ಅಮ್ಮ ನನ್ನನ್ನೇ ಗದರಿದಳು. ಹಲಸಿನೆಲೆಯ ಕೊಟ್ಟೆ ಕಟ್ಟಿ ಬೆಳೆದವಳಿಗೆ ಬೇರೆ ಏನು ತೋಚಬೇಕು?

ಗೆಳತಿ ಹಿಟ್ಟಿಗೆ ಬೆರಳು ಅದ್ದಿ ನೋಡಿದಳು. "ಖಲಾಸ್" ಎಂದು ಕುರ್ಚಿಯಲ್ಲಿ ಕುಸಿದು ಕಣ್ಣೀರು ಬರುವಷ್ಟು ನಕ್ಕಳು. ಪುಣ್ಯಕ್ಕೆ ಅವಳ ಮನೆಯಲ್ಲಿ ಇನ್ನೊಂದಿಷ್ಟು ಅಕ್ಕಿ ನೆನೆದಿತ್ತು. ಅದನ್ನು ತಂದು ಎಲೆಯನ್ನು ಪೊಟ್ಟಣದಂತೆ ಮಡಚಿ, ಅಕ್ಕಿ ತುಂಬಿ, ದಾರ ಸುತ್ತಿ ತೋರಿಸಿದಳು. ಅಮ್ಮನ ಕೈ ಒಂದೇ ನೋಟಕ್ಕೆ ಕಲಿತುಬಿಟ್ಟಿತು.

ಈ ಪದ್ಧತಿ ಎಲ್ಲಿಂದ ಬಂತು ಎಂದು ನಾನು ಸುಮ್ಮನೆ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಕಟ್ಟುತ್ತಲೇ ಹೇಳಿದಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಕವಿ, ಒಳ್ಳೆಯ ಮಂತ್ರಿ. ದೇಶ ಹಾಳಾದ ದುಃಖಕ್ಕೆ ನದಿಗೆ ಹಾರಿದ. ಜನ ದೋಣಿ ಹತ್ತಿ ಹುಡುಕಿದರು, ಸಿಗಲಿಲ್ಲ. ಮೀನುಗಳು ಅವನನ್ನು ಮುಟ್ಟದಿರಲಿ ಎಂದು ನದಿಗೆ ಅಕ್ಕಿ ಹಾಕಿದರು. ಈ ಅಡುಗೆ ಕವಿಗಿಂತಲೂ ಹಳೆಯದು ಎನ್ನುವವರೂ ಇದ್ದಾರಂತೆ. "ಅಜ್ಜಿ ಹೇಳಿದ್ದು ಇದು. ನನಗೆ ಇದೇ ಸಾಕು" ಎಂದಳು.

ಅಲ್ಲಿಯವರೆಗೆ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದ ನಾನು ಮೀನಿನ ಮಾತು ಬಂದಾಗ ನಿಲ್ಲಿಸಿದೆ.

"ಎಂತ ಹೇಳ್ತ್ಳ್ ಅವ್ಳ್? ಅರ್ಧ ನುಂಗ್ಬೇಡ, ಪೂರಾ ಹೇಳ್."

ಹೇಳಿದೆ. ಅಮ್ಮನ ಕೈಯ ದಾರ ಅಲ್ಲೇ ನಿಂತಿತು.

"ಅವ್ರಿಗೂ ಸಿಕ್ಲಿಲ್ಲ್ಯಾ?" ಎಂದಳು. "ನಾನ್ ಬರೀ ಕಾದ್ಕಂಡ್ ಕೂಕಂಡೆ. ಮೀನಿಗ್ ಒಂದ್ ಮುಷ್ಟಿ ಅನ್ನ ಹಾಕುಕ್ ನಂಗ್ ಹೊಳಿಲೇ ಇಲ್ಲೆ" ಎಂದಳು.

ಇಷ್ಟು ವರ್ಷ ಅವಳು ಮೀನು ಬಿಟ್ಟದ್ದು ಯಾಕೆಂದು ಕೇಳುವ ಅಗತ್ಯ ನನಗೆ ಉಳಿಯಲಿಲ್ಲ.

"ಇಷ್ಟ್ ವರ್ಷ ಆದ್ಮೇಲೂ ಹಾಕುಕ್ ಆತ್ತಾ ಕೇಣ್" ಎಂದಳು ಅಮ್ಮ.

ಕೇಳಿದೆ. ಅಪ್ಪಯ್ಯನ ವಿಷಯವನ್ನೂ ಹೇಳಿದೆ. ಗೆಳತಿ ಅಮ್ಮನ ಕೈ ಹಿಡಿದುಕೊಂಡಳು. "ನಾವು ಇನ್ನೂ ಮಾಡುತ್ತಲೇ ಇದ್ದೇವಲ್ಲ. ತಡ ಎನ್ನುವುದು ಇದಕ್ಕಿಲ್ಲ" ಎಂದಳು.

ಬಿಸಿಲು ಇಳಿದ ಮೇಲೆ ಬೇಯಿಸಿದ ಪೊಟ್ಟಣಗಳನ್ನು ಹಿಡಿದು ಮೂವರೂ ದಂಡೆಗೆ ಹೋದೆವು. ಸೆಕೆಗೆ ಮೈಯೆಲ್ಲ ಅಂಟುತ್ತಿತ್ತು. ಅಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ನಾನು ಪೊಟ್ಟಣ ಹಾಗೆಯೇ ಎಸೆಯಲು ಹೋದರೆ ಕೈ ತಡೆದಳು.

"ಗಂಟ್ ಬಿಚ್ಚಿ ಹಾಕ್. ಮೀನಿಗೆಂತ ಕೈ ಇತ್ತಾ?"

ಒಂದೊಂದನ್ನೂ ತಾನೇ ಬಿಚ್ಚಿ, ಅನ್ನವನ್ನು ನೀರಿಗೆ ಬಿಟ್ಟು, ಎಲೆ ದಾರಗಳನ್ನು ಸೆರಗಿಗೆ ಕಟ್ಟಿಕೊಂಡಳು. ಅಳಲಿಲ್ಲ. ಅತ್ತದ್ದು ನಾನು. ಈ ಕಡಲು, ಗಂಗೊಳ್ಳಿಯ ಕಡಲು ಎಲ್ಲ ಒಂದೇ ಅಲ್ಲವಾ ಎಂದು ಕೇಳಿದಳು. ಹೌದು ಅಂದೆ.

ವಾಪಸು ಬರುವಾಗ ದಂಡೆಯಲ್ಲಿ ಒಬ್ಬ ಒಮಾನಿ ಮುದುಕ ಪಿಕಪ್ಪಿನ ಹಿಂಬದಿಯಲ್ಲಿ ಮೀನು ಹರಡಿಕೊಂಡು ಮಾರುತ್ತಿದ್ದ. ನಾನು ಎಂದಿನಂತೆ ಮುಖ ತಿರುಗಿಸಿ ಮುಂದೆ ಹೋದೆ. ಹಿಂದೆ ಹೆಜ್ಜೆ ಕೇಳಿಸದೆ ತಿರುಗಿ ನೋಡಿದರೆ, ಅಮ್ಮ ಒಂದು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು.

"ತಾಜಾ ಇತ್ತ್, ತಕೊ" ಎಂದಳು. "ಗಸಿ ನಾನೇ ಮಾಡ್ತೆ. ಇವ್ಳಿಗೂ ನಮ್ಮಲ್ಲೇ ಊಟ ಅಂದೇಳಿ ಹೇಳ್."