ಪದ್ಯ ಶುರುವಾಗುವುದು ಯಾವಾಗ?

“ಟೀಚರೇ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಪದ್ಯ ಶುರುವಾಗುವುದು ಯಾವಾಗ?”

ಮೂಡುಬಿದಿರೆಗೆ ಬಂದ ಹೊಸತರಲ್ಲಿ, ನಮ್ಮ ಬಾಡಿಗೆ ಮನೆಯ ಒಡತಿ ವಾರಿಜಕ್ಕ ಮಹಡಿ ಹತ್ತಿ ಬಂದು ಕೇಳಿದ ಮಾತಿದು. ಈ ಕಡೆ ಹಾಡಿಗೆ ಪದ್ಯ ಎನ್ನುತ್ತಾರೆ. ಪಿಟೀಲಿನಿಂದಲೇ ಅನ್ನ ಕಂಡವಳು ನಾನು. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೇ ಬಂದವು.

ಮೈಸೂರಿನ ಓದುಗರಾದ ನಿಮಗೆ ಗೊತ್ತೇ ಇದೆ, ಪಾಶ್ಚಾತ್ಯ ಸಂಗೀತ ನುಡಿಸುವ ನಮ್ಮದು ನಾಲ್ವರ ಗುಂಪು: ಎರಡು ಪಿಟೀಲು, ತುಸು ದಪ್ಪ ದನಿಯ ವಿಯೋಲಾ, ನೆಲಕ್ಕೂರಿ ನುಡಿಸುವ ಚೆಲ್ಲೊ. ನಾನು ಎರಡನೇ ಪಿಟೀಲು. ಹಾಡೆಲ್ಲ ಮೊದಲನೆಯವಳ ಪಾಲು, ಅದರ ಕೆಳಗೆ ಹಾಸಿಕೊಡುವುದು ನನ್ನ ಕೆಲಸ. ಒಬ್ಬಳೇ ಅಭ್ಯಾಸಕ್ಕೆ ಕೂತರೆ ಸ್ವಲ್ಪ ಹೊತ್ತು ಕುಂಯ್ ಕುಂಯ್, ಆಮೇಲೆ ಮೌನ, ಮತ್ತೆ ಕುಂಯ್ ಕುಂಯ್.

ಮೈಸೂರಿನಲ್ಲಿ ಪಕ್ಕದ ಮನೆಯವರು ಗೋಡೆ ಬಡಿದು ನಿಲ್ಲಿಸುತ್ತಿದ್ದರು. ಇಲ್ಲಿ ಕಿವಿಗೊಟ್ಟು ಕೇಳಿ ಊರಿಗೆಲ್ಲ ವರದಿ ಒಪ್ಪಿಸುತ್ತಾರೆ. ಟೀಚರಿಗೆ ಪೂರ್ತಿ ಬರುವುದಿಲ್ಲವಂತೆ ಎಂಬ ಸುದ್ದಿ ಬಸ್ಸು ಹತ್ತಿ ಗುರುವಾಯನಕೆರೆಯನ್ನೂ ಮುಟ್ಟಿತು. ಗಂಡನಿಗೆ ಇಲ್ಲಿ ಕಾಲೇಜಿನಲ್ಲಿ ಕೆಲಸವಾಯಿತೆಂದು ನನ್ನ ಶಿಷ್ಯರನ್ನೆಲ್ಲ ಬಿಟ್ಟು ಬಂದಿದ್ದೆ. ಇಲ್ಲಿ ಸೇರಿದ್ದ ಮಕ್ಕಳೂ ಒಬ್ಬೊಬ್ಬರಾಗಿ ಬಿಟ್ಟರು. ಕಲಿಸಲು ಮಕ್ಕಳೇ ಇಲ್ಲದಿದ್ದರೆ ನನ್ನ ಕಸುಬು ಇಲ್ಲಿಗೆ ಮುಗಿದಂತೆ. ತುಳು ಬರದವಳು ಯಾರಿಗೆಂದು ವಿವರಿಸಲಿ? ಕುಚ್ಚಲಕ್ಕಿಗೆ ಹೊಟ್ಟೆ ಒಗ್ಗಿತು, ಆ ಅವಮಾನಕ್ಕೆ ಮನಸ್ಸು ಒಗ್ಗಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.

ವಾರಿಜಕ್ಕನ ಅಣ್ಣ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಒಂದು ಸಂಜೆ ತಂಗಿಯ ಮನೆಗೆ ಬಂದವರು ಜಗಲಿಯಲ್ಲಿ ಅಭ್ಯಾಸಕ್ಕೆ ಕೂತಿದ್ದರು. ಹಾಡುವ ಭಾಗವತರಿಲ್ಲ, ಬರೀ ಮದ್ದಳೆ, ನಡುನಡುವೆ ಮೌನ. ತಡೆಯಲಾರದೆ ಮೆಟ್ಟಿಲಲ್ಲೇ ನಿಂತು, ಇವರ ಪದ್ಯ ಯಾವಾಗ ಶುರುವಾಗುತ್ತದೆ ಎಂದು ವಾರಿಜಕ್ಕನನ್ನು ಕೇಳಿದೆ.

ಅವರು ನಕ್ಕರು. ಮದ್ದಳೆಯವರು ಪದ್ಯ ಹೇಳುವುದುಂಟೇ, ಅದಕ್ಕೆ ಭಾಗವತರಿಲ್ಲವೇ ಎಂದರು. ನಾನು ನನ್ನ ಎದೆಯತ್ತ ಬೆರಳು ತೋರಿಸಿದೆ. ಅವರ ನಗು ಮೆಲ್ಲಗೆ ಇಳಿಯಿತು.

“ನೀವು ಹಿಮ್ಮೇಳದವರಾ ಟೀಚರೇ? ಹಾಗಾದ್ರೆ ನಿಮ್ಮ ಭಾಗವತರು ಎಲ್ಲಿದ್ದಾರೆ?”

“ಮೈಸೂರಿನಲ್ಲಿ.”

“ಮೊದಲೇ ಹೇಳ್ಬಾರದಾ ಮಾರಾಯ್ರೆ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೆಡಿಸಿದ ಬಾಯಿಯೇ ಊರೆಲ್ಲ ಸುತ್ತಿ ಸರಿಪಡಿಸಿತು. ಬಿಟ್ಟುಹೋದ ಮಕ್ಕಳು ತಿರುಗಿ ಬಂದರು, ಅಳದಂಗಡಿಯಿಂದಲೂ ಬರತೊಡಗಿದರು. ಆ ವಾರ ನಾನು ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡೆ.

ಈಗ ತಿಂಗಳಿಗೊಮ್ಮೆ ಮೈಸೂರಿಗೆ ಬಂದು ಹಳೆಯ ಮೂವರೊಡನೆ ಕೂರುತ್ತೇನೆ. ಮೊದಲನೇ ಪಿಟೀಲಿನವಳು ನನ್ನ ಬಲಕ್ಕೆ. ಅವಳು ಉಸಿರೆಳೆದುಕೊಂಡಾಗಲೇ ನಾವೆಲ್ಲ ಕಮಾನು ಎತ್ತುವುದು. ಆ ರೂಢಿ ಮೂಡುಬಿದಿರೆಯಲ್ಲೂ ಬಿಟ್ಟಿಲ್ಲ. ಮಕ್ಕಳೊಡನೆ ನುಡಿಸುವ ಮುನ್ನ ನನಗರಿವಿಲ್ಲದೆಯೇ ಬಲಕ್ಕೆ ತಿರುಗುತ್ತೇನೆ. ಅಲ್ಲಿ ಪುಟ್ಟ ಹುಡುಗಿಯೊಬ್ಬಳು ಕಮಾನು ಹಿಡಿದು, ನಾನು ಉಸಿರೆಳೆದುಕೊಳ್ಳಲೆಂದು ಕಾಯುತ್ತಿರುತ್ತಾಳೆ.