ಬದುವಿನ ಮೇಲಿನ ಬರಿ ಕುಣಿ

ಎಂಬತ್ತರ ದಶಕದಲ್ಲಿ ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಪುಸ್ತಕದಲ್ಲಿ ಇಲ್ಲದಿದ್ದರೂ ಒಂದು ಮಧ್ಯಾಹ್ನ, ಎಂಟುನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಒಬ್ಬ ರಾಜನ ಪ್ರೇಯಸಿಯ ಕಥೆ ಹೇಳಿದೆ. ರಾಜ ಆಕೆಯನ್ನು ದಾರಿ ತಪ್ಪಿಸುವ ಓಣಿಗಳ ನಡುವೆ ಅಡಗಿಸಿಟ್ಟಿದ್ದ, ರಾಣಿ ನೂಲಿನ ಎಳೆ ಹಿಡಿದು ಒಳಗೆ ಹೋಗಿ ವಿಷದ ಬಟ್ಟಲು ಕೊಟ್ಟಳು ಎನ್ನುತ್ತಾರೆ. ಅದೆಲ್ಲ ಆಮೇಲಿನವರು ಕಟ್ಟಿದ್ದು. ತಿಳಿದಿರುವುದು ಸ್ವಲ್ಪ. ಸನ್ಯಾಸಿನಿಯರ ಮಠದಲ್ಲಿ ಆಕೆಯನ್ನು ದೇವರ ಮುಂದೆಯೇ ಹೂತಿದ್ದರು. ರಾಜ ಸತ್ತ ಮೇಲೆ ಬಂದ ಧರ್ಮಗುರುವೊಬ್ಬ, ಇಂಥವಳ ಸಮಾಧಿ ಒಳಗಿರಬಾರದೆಂದು ಅಗೆಸಿ ಹೊರಗೆ ಹಾಕಿಸಿದ.

ಶಾಲೆಯ ಹಿಂದಿನ ಒಂದೇ ಖೋಲಿಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನಾನು ಆ ಊರಿಗೆ ಬರುವ ಮೊದಲೇ ತೀರಿಹೋಗಿದ್ದ ಊರ ಗೌಡರು, ಮನೆಯಲ್ಲಿ ಹೆಂಡತಿ ಗೌಡಸಾನಿ ಇದ್ದರೂ, ಲಗ್ನವಿಲ್ಲದೆ ಆಕೆಯ ಜೊತೆ ಬಾಳಿದ್ದರು. ಕಿಟಕಿಯ ಆಚೆ ಜೋಳ ಹಸನು ಮಾಡುತ್ತ ಕೂತಿದ್ದ ಆಕೆ ಪಾಠ ಮುಗಿದ ಮೇಲೆ ನನ್ನನ್ನು ಕರೆದಳು.

"ಮಾಸ್ತರ, ಆಕಿನ್ನ ತಗದು ಎಲ್ಲಿ ಇಟ್ರು?"

"ಹೊರಗರಿ, ಎಲ್ಲಾರ ಜೋಡಿ."

"ಆ ರಾಣಿ ವಿಷಾನೂ ಕೊಟ್ಲಂತ. ನಮ್ಮ ಗೌಡಸಾನಿ ಪ್ರತಿ ಯುಗಾದಿಗೆ ಹೋಳಿಗಿ ಕಳಸ್ತಿದ್ಲು. ಬೆಲ್ಲ ಕಮ್ಮಿ, ಅಷ್ಟ." ಸ್ವಲ್ಪ ನಕ್ಕು, ಮೊರ ಕೆಳಗಿಟ್ಟಳು. "ಆದರ ಎಲ್ಲಾರ ಜೋಡಿ ಹಾಕೂದು ನನಗ ಬ್ಯಾಡ. ಹೊಲದ ಬದುವಿನ ಮ್ಯಾಲೆ, ನನ್ನ ಬಾಜೂಕ ನಿನಗ ಜಾಗಾ ಅಂತ ಗೌಡ್ರು ಅಂದಾರ. ನೀವು ಓದಿದವ್ರು. ಹೊತ್ತು ಬಂದ್ರ ಹೇಳ್ರಿ."

"ಹೇಳ್ತೀನಿ ಬಿಡ್ರಿ ಅವ್ವಾರ," ಎಂದೆ.

ಮರುವರ್ಷ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ನೆರೆಯವರು ಬೆಳಿಗ್ಗೆಯೇ ಹೋಗಿ ಗೌಡರ ಸಮಾಧಿಯ ಪಕ್ಕ ಕುಣಿ ತೋಡಿದ್ದರು. ಶವ ಹೊಲಕ್ಕೆ ಬಂದಾಗ ಗೌಡರ ಮಗ ಅಡ್ಡ ನಿಂತ. ಊರ ಹಿರಿಯರೊಬ್ಬರು ನನ್ನತ್ತ ತಿರುಗಿದರು.

"ಮಾಸ್ತರ, ಆಕಿಗೆ ಇಲ್ಲೇ ಜಾಗಾ ಅಂತ ಗೌಡ್ರು ಅಂದದ್ದು ನೀವು ಕೇಳೀರೇನ್ರಿ?"

ಗೌಡರನ್ನು ನಾನು ನೋಡಿಯೇ ಇರಲಿಲ್ಲ. "ಗೌಡ್ರು ಅಂದದ್ದು ಕೇಳಿಲ್ರಿ. ಹಂಗ ಅಂದಿದ್ರು ಅಂತ ಅವ್ವಾರು ಹೇಳಿದ್ದು ಕೇಳೀನಿ."

"ಆತಲ್ಲ, ಮುಗೀತು," ಎಂದ ಮಗ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಕೆ ಸುಳ್ಳು ಹೇಳುವವಳಲ್ಲ ಎಂದು ಸೇರಿಸಬೇಕಿತ್ತು. ನಾನು ಮಾತು ಜೋಡಿಸುವಷ್ಟರಲ್ಲಿ ಶವವನ್ನು ಎತ್ತಿಬಿಟ್ಟಿದ್ದರು. ಆಕೆಯನ್ನು ಊರ ರುದ್ರಭೂಮಿಯಲ್ಲಿ, ಎಲ್ಲರ ಜೊತೆ ಹೂತರು. ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದೆಂಬುದು ಅಲ್ಲಿಯ ರೂಢಿ. ಅದರೊಳಗೆ ಒಂದು ತೆಂಗಿನಕಾಯಿ ಇಟ್ಟು ಮಣ್ಣು ಎಳೆದರು. ನಾನು ಹತ್ತಿರವೇ ನಿಂತಿದ್ದೆ. ಒಂದೇ ಕಾಯಿ, ಜುಟ್ಟು ತೆಗೆಯದ್ದು.

ಎರಡು ಮಳೆಗಾಲದಲ್ಲಿ ರುದ್ರಭೂಮಿಯಲ್ಲಿದ್ದ ಆಕೆಯ ಗುಡ್ಡೆ ಕರಗಿ ನೆಲಸಮವಾಯಿತು. ಬದುವಿನ ಮೇಲೆ, ಕಾಯಿ ಇಟ್ಟು ಮುಚ್ಚಿದ ಕುಣಿಗೆ ಮಾತ್ರ ಯಾರೋ ಕಲ್ಲು ನಿಲ್ಲಿಸಿದರು. ಕಳೆ ತೆಗೆಯಲು ಹೋಗುವ ಹೆಂಗಸರು ಅಲ್ಲಿ ಹಸಿರು ಬಳೆ ಇಡತೊಡಗಿದರು. ಗೌಡಸಾನಿ ಹೋಳಿಗೆಯಲ್ಲಿ ವಿಷ ಹಾಕಿ ಕೊಂದಳು, ಗೌಡರೇ ಕನಸಿನಲ್ಲಿ ಬಂದು ಇಲ್ಲಿ ಹೂಳಿಸಿದರು ಎಂಬ ಕಥೆಯೂ ಹುಟ್ಟಿತು. ಹಾಗಲ್ಲ ಎಂದು ನಾನು ತರಗತಿಯಲ್ಲಿ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು, ಯಾರೂ ಒಪ್ಪಲಿಲ್ಲ.

ಒಂದು ದಿನ ಕಲ್ಲಿಗೆ ಕುಂಕುಮ ಹಚ್ಚುತ್ತಿದ್ದ ಹೆಂಗಸೊಬ್ಬಳಿಗೂ ಹೇಳಿದೆ. "ಇಲ್ಲಿ ಆಕಿ ಇಲ್ಲವಾ. ಬರೇ ಒಂದು ಕಾಯಿ ಐತಿ. ನಾನ ನಿಂತು ನೋಡೀನಿ."

ಕುಣಿ ತೋಡಿದವರಲ್ಲಿ ಈ ಹೆಂಗಸಿನ ಗಂಡನೂ ಒಬ್ಬ. ಆಕೆ ತಲೆ ಎತ್ತಲಿಲ್ಲ.

"ಖರೇ ಇರಬೇಕ್ರಿ ಮಾಸ್ತರ. ಅವತ್ತೂ ನೀವು ಖರೇನ ಹೇಳಿದ್ರಿ."