ಎಪ್ಪತ್ತೆರಡು ಅಂದವಳು ನಾನು

೧೯೬೩ನೇ ಇಸವಿಯ ಫೆಬ್ರವರಿ ತಿಂಗಳ ಒಂದು ಗುರುವಾರ, ಊಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ, ನಾನು ಸೈನ್ಸ್ ಮಿಸ್ ಅವರ ಮೇಜಿನ ಎಡಗಡೆ ನಿಂತಿದ್ದೆ. ಕಿಟಕಿಗೂ ನನಗೂ ಎರಡು ಹೆಜ್ಜೆ ದೂರ. ನನ್ನ ಮೂರು ಬೆರಳು ಅವರ ಎಡಗೈ ಮಣಿಕಟ್ಟಿನ ಮೇಲಿದ್ದವು. ಅವರು ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಅದು ಅವರ ತಂದೆಯ ಗಡಿಯಾರ, ಪಟ್ಟಿಗೆ ಹೆಚ್ಚಿನ ಎರಡು ತೂತು ಕೊರೆಸಿದ್ದರು. ಅಂದು ಅದನ್ನು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದ್ದರು. ಅದು ಇದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು, ಸುತ್ತ ಸೀಮೆಸುಣ್ಣದ ಪುಡಿ ಗೆರೆ ಎಳೆದಂತೆ ಕೂತಿತ್ತು.

ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಜಯನಗರದ ನಮ್ಮ ಹುಡುಗಿಯರ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದರ ಕರಡನ್ನು ನನಗೆ ಕಳಿಸಿದ್ದಾರೆ. ಅದರಲ್ಲಿ ಸೈನ್ಸ್ ಮಿಸ್ ಬಗ್ಗೆ ಒಂದು ಪುಟವಿದೆ. ಹೃದಯದ ಚಿತ್ರ ಬಿಡಿಸುತ್ತಿದ್ದಾಗಲೇ ಅವರ ಹೃದಯದ ಕಾಯಿಲೆ ಗೊತ್ತಾಯಿತೆಂದೂ, ಅದನ್ನು ಕಂಡುಹಿಡಿದವಳು ಕ್ಲಾಸಿಗೆ ಮೊದಲನೆಯವಳಾದ ನಾನೆಂದೂ ಬರೆದಿದ್ದಾರೆ. ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಬೋರ್ಡಿನ ಮೇಲೆ ಅಂದು ಇದ್ದದ್ದು ಹೃದಯವಲ್ಲ, ಅರ್ಧ ಒರೆಸಿದ ಕಪ್ಪೆಯ ಅನ್ನನಾಳ. ಕಂಡುಹಿಡಿದವಳು ನಾನಲ್ಲ. ನಾನು ಮಾಡಿದ್ದು ಬೇರೆ.

ಮಿಸ್ ಇದ್ದಿದ್ದರೆ ಆ ಕರಡನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದನ್ನ ನೋಡಿದ್ದು ಯಾರು?" ಎಂದು ಕೇಳುತ್ತಿದ್ದರು. ಅವರ ಮೂರು ವರ್ಷದ ಪಾಠವೆಲ್ಲ ಈ ಒಂದು ಪ್ರಶ್ನೆ. ಕೇಳಿ ಕೇಳಿ ನಮಗೆ ರೋಸಿಹೋಗಿತ್ತು, ಕೇಳಿಸಿ ಕೇಳಿಸಿ ಅವರಿಗೂ.

ಅವರು ನಮಗೆ ಪ್ರಾಣಿಗಳ ವಿಂಗಡಣೆ ಕಲಿಸಿದ್ದು ಪುಸ್ತಕದಿಂದಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಒಂದು ಗೆರೆ ಎಳೆದು, ಬಿದಿರು ಬುಟ್ಟಿಯಿಂದ ಒಂದೊಂದೇ ಪ್ರಾಣಿ ತೆಗೆದು ನಮ್ಮ ಕೈಗೆ ಕೊಡುತ್ತಿದ್ದರು. ಬೆನ್ನುಮೂಳೆ ಇದ್ದದ್ದು ಗೆರೆಯ ಈ ಕಡೆ, ಇಲ್ಲದ್ದು ಆ ಕಡೆ. ಎರೆಹುಳ, ಬಸವನಹುಳ, ಸತ್ತ ಓತಿಕ್ಯಾತ, ಯಡಿಯೂರು ಕೆರೆಯ ಏಡಿ. ಏಡಿ ನನ್ನ ಪಾಲಿಗೆ ಬಂತು. ಕಾಗದದಲ್ಲಿ ಸುತ್ತಿ ಹಿಡಿದುಕೊಂಡು, ಚಿಪ್ಪು ಗಟ್ಟಿಯಾಗಿದೆಯಲ್ಲ ಎಂದು ಮೂಳೆಯವರ ಕಡೆ ಇಟ್ಟೆ.

"ಅದಕ್ಕೆ ಒಳಗ್ ಮೂಳೆ ಇಲ್ಲ ಮಿಸ್," ಎಂದಳು ಹಿಂದಿನ ಬೆಂಚಿನ ಗೌರಿ.

"ನೋಡಿದ್ದು ಯಾರು?"

"ನಾನೇ. ತಿಂದಿವ್ನಿ."

ಕ್ಲಾಸು ಕಿಸಕ್ಕೆಂದಿತು. ಮುಂದಿನ ಬೆಂಚಿನವರು, ನಾನೂ ಸೇರಿ, ಕಾಲು ಹಿಂದಕ್ಕೆಳೆದುಕೊಂಡೆವು. ನಮ್ಮದೆಲ್ಲ ಗುಮಾಸ್ತರ, ಮೇಷ್ಟ್ರುಗಳ ಮನೆ. ಗೌರಿಯದು ಯಡಿಯೂರಿನ ಸೊಪ್ಪು ಬೆಳೆಯುವವರ ಮನೆ. ಅವಳ ತಾಯಿ ಬೆಳಿಗ್ಗೆ ನಮ್ಮ ಬಾಗಿಲಿಗೇ ದಂಟು, ಕೀರೆ ಹೊತ್ತು ತರುತ್ತಿದ್ದರು.

ಮಿಸ್ ಕೂಡ ಮೊಟ್ಟೆ ಮುಟ್ಟದವರು. ಬುಟ್ಟಿಯ ಕೆಲಸ ಮುಗಿದ ಮೇಲೆ ಕೆಂಪು ಸೋಪಿನಲ್ಲಿ ಮೂರು ಸಲ ಕೈ ತೊಳೆದೇ ಮೊಸರನ್ನದ ಡಬ್ಬಿ ತೆಗೆಯುತ್ತಿದ್ದರು. ಆದರೆ ಅಂದು ಅವರು ಬೈದದ್ದು ನಕ್ಕವರನ್ನು. "ಏನ್ರೇ ನಗು? ನೀವು ಓದಿದೀರಿ, ಅವ್ಳು ನೋಡಿದಾಳೆ. ಏಡಿ ಎತ್ತಿ ಆ ಕಡೆ ಇಡೇ."

ನಾನು ಎತ್ತಿ ಇಟ್ಟೆ. ಮುಖ ಬಿಸಿಯಾಗಿತ್ತು.

ಇನ್ನೊಂದು ಸಲ ಜಿರಲೆಯ ಚಿತ್ರ ಬರೆಯಲು ಹೇಳಿದರು. ಬಾಟಲಿಯೊಳಗಿನ ಜಿರಲೆಗೆ ಒಂದು ಕಾಲು ಉದುರಿತ್ತು. ನಲವತ್ತೊಂದು ಹುಡುಗಿಯರಲ್ಲಿ ನಲವತ್ತು ಜನ ಆರು ಕಾಲು ಬರೆದೆವು. ನನ್ನದು ಎಷ್ಟು ಚೆನ್ನಾಗಿತ್ತೆಂದರೆ ಮುಳ್ಳು ಕೂಡ ಎಣಿಸಬಹುದಿತ್ತು. ಮಿಸ್ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. "ಪುಸ್ತಕ ನನ್ಹತ್ರಾನೂ ಇದೆ ಕಣೇ," ಎಂದರು. ಹತ್ತಕ್ಕೆ ಎರಡು ಕೊಟ್ಟರು. ಐದು ಕಾಲಿನ ಸೊಟ್ಟ ಜಿರಲೆ ಬರೆದ ಗೌರಿಗೆ ಎಂಟು. ಆ ಸಂಜೆ ನಾನು ಮನೆಯಲ್ಲಿ ಅತ್ತು, ಅಪ್ಪನ ಕೈಲಿ ಹೆಡ್‌ಮಿಸ್ಟ್ರೆಸ್‌ಗೆ ದೂರಿನ ಕಾಗದ ಬರೆಸಿದೆ. ಎರಡು ಎರಡಾಗಿಯೇ ಉಳಿಯಿತು.

ಅವರ ಎರಡು ಕಟ್ಟಳೆಗಳನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು, ಕಂಡು ಬರೆದದ್ದನ್ನು ಅಳಿಸಕೂಡದು. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವಂತಿರಬೇಕು. ಎರಡು, ಒಬ್ಬಳು ಕಂಡದ್ದನ್ನು ಇನ್ನೊಬ್ಬಳೂ ತಾನಾಗಿಯೇ ಕಾಣುವ ತನಕ ಅದು ಬರೀ ಮಾತು. ಬೋರ್ಡಿನ ಬಲಮೂಲೆಯಲ್ಲಿ ಇದಕ್ಕೆಂದೇ ಒಂದು ಚೌಕವಿತ್ತು. ಕಂಡದ್ದು, ಕಂಡವರ ಹೆಸರು. ಎರಡು ಹೆಸರು ಬಿದ್ದರೆ ಮಾತ್ರ ನಾವು ನೋಟ್ಸಿಗೆ ಇಳಿಸಿಕೊಳ್ಳಬಹುದಿತ್ತು. ಪಕ್ಕದ ಸೆಕ್ಷನ್ನಿನವರು ವರ್ಷದ ಪಾಠ ಮುಗಿಸಿ ಎರಡನೇ ಸಲ ತಿರುವಿಹಾಕುತ್ತಿದ್ದಾಗ ನಾವು ಇನ್ನೂ ಎರಡನೇ ಹೆಸರಿಗೆ ಕಾಯುತ್ತಿದ್ದೆವು. ಎಂಥ ಹಟದ ಹೆಂಗಸು ಎಂದು ಎಷ್ಟು ಸಲ ಹಲ್ಲು ಕಡಿದಿದ್ದೇನೋ.

ಆ ಗುರುವಾರಕ್ಕೆ ಬರುತ್ತೇನೆ. ಅಂದು ಕಪ್ಪೆಯ ಪಾಠ ಮುಗಿದು ರಕ್ತ ಪರಿಚಲನೆ ಶುರುವಾಗಬೇಕಿತ್ತು. ಪಕ್ಕದವಳ ನಾಡಿ ಹಿಡಿದು ಒಂದು ನಿಮಿಷ ಎಣಿಸಿ ಎಂದರು. ಎಣಿಸಿದೆವು. ಸಾಲಾಗಿ ಉತ್ತರ ಕೇಳಿದರು. ಎಪ್ಪತ್ತೆರಡು. ಎಪ್ಪತ್ತೆರಡು. ಎಪ್ಪತ್ತೆರಡು. ನನ್ನ ಬೆಂಚಿನ ವಿಮಲಾ ಅಂತೂ ನಾಡಿ ಸಿಗದೆ ನನ್ನ ಬಳೆ ಹಿಡಿದು ಕೂತಿದ್ದವಳು, ಅವಳೂ ಎಪ್ಪತ್ತೆರಡು. ಪುಸ್ತಕದಲ್ಲಿ ಹಾಗಿತ್ತು.

ಮಿಸ್ ಕುರ್ಚಿಯಲ್ಲಿ ಕುಸಿದು ಕೂತರು. "ಮೂರು ವರ್ಷ," ಎಂದರು. "ಮೂರು ವರ್ಷ ಗಂಟಲು ಹರ್ಕೊಂಡಿದೀನಿ. ಏನ್ರೇ, ನಿಮ್ಮೆಲ್ಲರ ಹೃದಯನೂ ಒಂದೇ ಅಚ್ಚಲ್ಲಿ ಹೊಯ್ದಿದಾರಾ?" ಆಮೇಲೆ ಗಡಿಯಾರ ಬಿಚ್ಚಿ ನನ್ನನ್ನು ಕರೆದರು. "ನೀನು ಬಾ. ಎಲ್ಲಾದ್ರಲ್ಲೂ ಫಸ್ಟ್ ಅಲ್ವಾ. ನಂದು ಎಣಿಸು. ಎಲ್ರೂ ನೋಡ್ಕೊಳ್ಳಿ."

ನಾನು ಎಣಿಸಿದೆ. ಹೊಡೆಯಿತು, ಹೊಡೆಯಿತು, ಹೊಡೆಯಿತು. ನಿಂತಿತು. ಮತ್ತೆ ಹೊಡೆಯಿತು. ಬೆರಳು ಜಾರಿತೇನೋ ಎಂದು ಒತ್ತಿ ಹಿಡಿದೆ. ಮತ್ತೆ ಹಾಗೇ. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.

"ತಪ್ಪೋಯ್ತು ಮಿಸ್."

"ಇನ್ನೊಂದ್ಸಲ."

ಎರಡನೇ ಸಲವೂ ಆ ಬಿಡುವು ಬಂತು. ಈ ಸಲ ಬೆರಳು ಜಾರಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹಿಂದೆ ನಲವತ್ತು ಹುಡುಗಿಯರು ನೋಡುತ್ತಿದ್ದರು. ಏಡಿ ನೆನಪಾಯಿತು, ಜಿರಲೆ ನೆನಪಾಯಿತು. ನನಗೆ ಖಚಿತವಾಗಿ ಗೊತ್ತಿದ್ದ ಸಂಖ್ಯೆ ಒಂದೇ.

"ಎಪ್ಪತ್ತೆರಡು, ಮಿಸ್."

ಅವರು ನನ್ನನ್ನು ನೋಡಿದರು. ಬೋರ್ಡಿನ ಚೌಕದಲ್ಲಿ ೭೨ ಎಂದು ಬರೆದು ಮುಂದೆ ನನ್ನ ಹೆಸರು ಬರೆದರು. "ಎರಡನೆಯವಳು ಯಾರು? ಗೌರಿ, ಬಾ."

ಗೌರಿ ಬಲಗೈಯಲ್ಲಿ ನಾಡಿ ಹಿಡಿದಳು. ತುಟಿ ಅಲ್ಲಾಡುತ್ತಿತ್ತು, ಎಡಗೈ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದೇ ಏರುತ್ತಿತ್ತು. ಅವರ ಮನೆಯಲ್ಲಿ ಸೊಪ್ಪಿನ ಕಂತೆ ಎಣಿಸುವುದು ಹಾಗೆ, ಒಳ್ಳೆಯದು ಬಾಯಲ್ಲಿ, ಬಾಡಿದ್ದು ಗೆಣ್ಣಿನಲ್ಲಿ.

"ವೊಡ್ದಿದ್ದು ಐವತ್ತೆಂಟು ಮಿಸ್. ತಪ್ಪಿದ್ದು ಒಂಬತ್ತು. ನಿಂತ್ ನಿಂತ್ ವೊಡ್ಕೊಳ್ತೈತೆ."

ಯಾರೂ ನಗಲಿಲ್ಲ. ಮಿಸ್ ತಮ್ಮ ಬಲಗೈ ಬೆರಳನ್ನು ಎಡಗೈ ಮೇಲಿಟ್ಟು ಗಡಿಯಾರ ನೋಡಿದರು. ಆಮೇಲೆ ೭೨ರ ಕೆಳಗೆ ಗೌರಿ ಹೇಳಿದ್ದನ್ನು ಅವಳ ಹೆಸರಿನೊಡನೆ ಬರೆದರು. ಗಂಟೆ ಹೊಡೆಯಿತು.

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಗೌರಿ ಮೇಜಿನ ಹತ್ತಿರ ಹೋಗಿ ಕೈ ಚಾಚಿದಳು. "ಮಿಸ್, ಡಾಕ್ಟ್ರಿಗೆ ತೋರಿಸ್ಕೊಂಡ್ರಾ?"

"ಒಬ್ಬಳು ಕಂಡಿದ್ದಕ್ಕೆಲ್ಲ ಡಾಕ್ಟರ್ ಹತ್ರ ಓಡಕ್ಕಾಗುತ್ತೇನೆ?"

"ನೀವೂ ಮುಟ್ ನೋಡ್ಕೊಂಡ್ರಲ್ಲ."

"ನಂದು ನಾನೇ ನೋಡ್ಕೊಂಡ್ರೆ ಅದು ಸಾಕ್ಷಿ ಅಲ್ಲ. ಎಣಿಸ್ತೀಯಾ, ಎಣಿಸು."

ಇಂಥವರನ್ನು ಏನೆನ್ನುವುದು? ಅಂದು ಇನ್ನಿಬ್ಬರನ್ನು ಕರೆದು ಎಣಿಸಲು ಹೇಳಿದರು. ಒಬ್ಬಳು ವಿಮಲಾ. ಇಬ್ಬರೂ ನನ್ನ ಮುಖ ನೋಡಿ ಎಪ್ಪತ್ತೆರಡು ಎಂದರು. ಕ್ಲಾಸಿನ ಮೊದಲನೆಯವಳು ಹೇಳಿದ್ದು ಸುಳ್ಳಿರಲಾರದು ಎಂದು ಅವರ ನಂಬಿಕೆ. ನನ್ನ ಮುಖ ನೋಡಿ ಹೇಳಿದ್ದನ್ನು ಮಿಸ್ ಚೌಕಕ್ಕೆ ಸೇರಿಸಲಿಲ್ಲ.

ಹೀಗೆ ದಿನವೂ ನಡೆಯಿತು. ಗೌರಿ ಬೆಳಿಗ್ಗೆ ಎಣಿಸುವಳು, ಚೌಕದಲ್ಲಿ ತಾನೇ ಬರೆಯುವಳು. ಅರವತ್ತೊಂದು, ತಪ್ಪಿದ್ದು ಏಳು. ಐವತ್ತಾರು, ತಪ್ಪಿದ್ದು ಹನ್ನೊಂದು. ತಮ್ಮದೇ ಕಟ್ಟಳೆಯಾದ್ದರಿಂದ ಮಿಸ್ ಅಳಿಸುವಂತಿರಲಿಲ್ಲ. ಬೇರೆ ಪಾಠದ ಮೇಷ್ಟ್ರು ಅಳಿಸಲು ಬಂದರೆ ಗೌರಿಯೇ ಅಡ್ಡ ನಿಲ್ಲುತ್ತಿದ್ದಳು. ಹುಡುಗಿಯರು ಅವಳನ್ನು "ಡಾಕ್ಟರಮ್ಮ, ನಮ್ಮನೆ ಹಸೂಗೂ ಒಂಚೂರು ನಾಡಿ ನೋಡಮ್ಮ" ಎಂದು ಕೆಣಕಿದರು. ನಾನೂ ನಕ್ಕೆ. ನಕ್ಕದ್ದು ನೆನಪಿದೆ. ಮಂಗಳವಾರ ಮಿಸ್ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದೆ. ಬುಧವಾರವೂ ನೋಡಿದೆ. ಬಾಯಿ ಬಿಡಲಿಲ್ಲ.

ಎಂಟನೇ ಎಣಿಕೆಯ ದಿನ, ಶುಕ್ರವಾರ, ಶಾಲೆ ಬಿಟ್ಟ ಮೇಲೆ ಮಿಸ್ ನನ್ನನ್ನು ಉಳಿಸಿಕೊಂಡರು. ಗೌರಿ, ವಿಮಲಾ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು.

"ನಿನ್ನ ಬೆರಳಿಗೆ ಏನು ಸಿಕ್ತು?"

ನಾನು ಬಾಗಿಲ ಕಡೆ ನೋಡಿದೆ.

"ಪುಸ್ತಕದಲ್ಲಿ ಇರೋದು ಬೇಡ. ಬೆರಳಿಗೆ."

"ನಡುನಡುವೆ ನಿಲ್ತಿತ್ತು ಮಿಸ್."

"ಅವತ್ತೇನಾ?"

"ಎರಡು ಸಲಾನೂ."

ಬೈಯುತ್ತಾರೆಂದುಕೊಂಡೆ. ಅವರು ಸುಸ್ತಾದ ದನಿಯಲ್ಲಿ, "ಎಂಟು ದಿನ ಆಯ್ತಲ್ಲೇ," ಎಂದರು. ಸೀಮೆಸುಣ್ಣ ನನ್ನ ಕೈಗಿತ್ತು, "ಹೋಗು, ಬರಿ," ಎಂದರು. ನಾನು ೭೨ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನಿಂತು ನಿಂತು ಹೊಡೆಯುತ್ತದೆ, ನಲವತ್ತರ ಮೇಲೆ ಲೆಕ್ಕ ತಪ್ಪಿತು" ಎಂದು ಬರೆದೆ. ಮಿಸ್ ಚೌಕದಲ್ಲಿದ್ದಷ್ಟನ್ನೂ ಒಂದು ಹಾಳೆಗೆ ಇಳಿಸಿಕೊಂಡರು. "ಈಗ ಇಬ್ಬರಾದ್ರಿ," ಎಂದು ಹಾಳೆ ಮಡಿಸಿದರು.

ಮರುದಿನ ಅವರು ವಿಲ್ಸನ್ ಗಾರ್ಡನ್ನಿನ ಡಾಕ್ಟರರ ಬಳಿ ಹೋದರು. ಅಲ್ಲಿಂದ ಆಸ್ಪತ್ರೆ, ಎರಡು ತಿಂಗಳು ರಜ. ಡಾಕ್ಟರರು ಏನೆಂದರೋ ನಾನು ಕೇಳಿಲ್ಲ. ಮಿಸ್ ತಿರುಗಿ ಬಂದಾಗ ಹೇಳಿದ್ದಿಷ್ಟು: "ಇದನ್ನ ಎಣಿಸಿದ ನರ್ಸ್ ಯಾರು ಅಂತ ಕೇಳಿದ್ರು. ಯಡಿಯೂರಿನ ಹುಡುಗಿ ಅಂದೆ. ಎಂಟು ದಿನ ಯಾಕೆ ತಡ ಅಂತಾನೂ ಕೇಳಿದ್ರು." ಅದಕ್ಕೆ ತಾವೇನು ಉತ್ತರ ಕೊಟ್ಟರೆಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅವರು ಇನ್ನೂ ಆರು ವರ್ಷ ಬದುಕಿದರು, ಐದು ವರ್ಷ ಪಾಠ ಮಾಡಿದರು. ತೀರಿಕೊಂಡದ್ದು ಮೂರನೇ ಬ್ಲಾಕಿನ ತಮ್ಮನ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದ ಮೇಲೆ. ನಾನು ಅಲ್ಲಿರಲಿಲ್ಲ, ತಮ್ಮನ ಹೆಂಡತಿ ಹೇಳಿದ್ದು. ಆ ಎಂಟು ದಿನ ಅವರ ಆಯುಷ್ಯದಲ್ಲಿ ಎಷ್ಟು ಕಳೆಯಿತೋ, ಏನೂ ಕಳೆಯಲಿಲ್ಲವೋ, ಯಾರೂ ನೋಡಿದ್ದಲ್ಲ. ನಾನು ಆಮೇಲೆ ಮೂವತ್ತು ವರ್ಷ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣ ಎಣಿಸಿದೆ. ಎಣಿಸದ ಸಂಖ್ಯೆಯನ್ನು ಒಂದು ದಿನವೂ ಬರೆಯಲಿಲ್ಲ. ಕೈಕೆಳಗಿನವರಿಗೆ ನನ್ನಿಂದ ಸಾಕುಸಾಕಾಗಿತ್ತು.

ಸಂಚಿಕೆಯವರಿಗೆ ಈ ಬರಹ ಕಳಿಸುವ ಮುಂಚೆ ಅಂದು ಆ ಕೋಣೆಯಲ್ಲಿದ್ದ ಇಬ್ಬರಿಗೆ ಬೇರೆ ಬೇರೆಯಾಗಿ ಓದಿ ಹೇಳಿದ್ದೇನೆ. ವಿಮಲಾ ತನ್ನ ಬಳೆಯ ಮಾತನ್ನು ತೆಗೆ ಎಂದಳು. ತೆಗೆದಿಲ್ಲ. ಗೌರಿ ಪೂರಾ ಕೇಳಿ, "ನೀನ್ ನಿಂತಿದ್ದು ಮೇಜಿನ ಎಡಗಡೆ ಅಲ್ಲ ಕಣಮ್ಮ, ಬಲಗಡೆ. ಕಿಟಕಿ ಇದ್ದಿದ್ದೇ ಆ ಕಡೆ," ಎಂದಳು. ಇರಬಹುದು. ಮೊದಲು ಬರೆದದ್ದನ್ನು ಅಳಿಸದೆ ಇಲ್ಲಿ ಸೇರಿಸಿದ್ದೇನೆ.

ಗೌರಿ ಯಡಿಯೂರಿನಲ್ಲಿದ್ದಾಳೆ, ವಿಮಲಾ ಜೆ.ಪಿ. ನಗರದಲ್ಲಿ. ಇಬ್ಬರೂ ಗಟ್ಟಿಯಾಗಿದ್ದಾರೆ, ಬೇಕಾದವರು ಹೋಗಿ ಕೇಳಬಹುದು.